ಗೆದ್ದರೆ ಮಾಯವಾಗುವ ದ್ವೀಪ

1993ರ ಜೂನ್‌ನಲ್ಲಿ ಜಪಾನಿನ ನಿಂಟೆಂಡೊ ಕಂಪನಿ ತನ್ನ 'ಗೇಮ್ ಬಾಯ್' ಯಂತ್ರಕ್ಕಾಗಿ ಒಂದು ಸಾಹಸದ ಆಟವನ್ನು ಹೊರತಂದಿತು. 'ದಿ ಲೆಜೆಂಡ್ ಆಫ್ ಜೆಲ್ಡಾ: ಲಿಂಕ್ಸ್ ಅವೇಕನಿಂಗ್' ಅದರ ಹೆಸರು. ಇಡೀ ಆಟದ ಗಾತ್ರ ಅರ್ಧ ಮೆಗಾಬೈಟ್. ಇವತ್ತು ಮೊಬೈಲಿನಲ್ಲಿ ತೆಗೆದ ಒಂದೇ ಒಂದು ಫೋಟೊ ಅದಕ್ಕಿಂತ ಹೆಚ್ಚು ಜಾಗ ತಿನ್ನುತ್ತದೆ. ಅಷ್ಟರೊಳಗೆ ಒಂದು ದ್ವೀಪ, ಒಂದು ಹಳ್ಳಿ, ಒಂದು ಕಾಡು, ಒಂದು ಮರುಭೂಮಿ, ಎಂಟು ಗವಿಗಳು, ಹಾಡುವ ಒಬ್ಬ ಹುಡುಗಿ. ಈ ಆಟವನ್ನು ಕೊನೆ ಮುಟ್ಟಿಸಿದವರಿಗೆ ಗೆದ್ದ ಖುಷಿಯ ಜೊತೆಗೇ ಒಂದು ಸಂಕಟವೂ ಸಿಗುತ್ತದೆ. ಗೆಲುವಿನ ಜೊತೆಗೆ ಸಂಕಟ ಯಾಕೆ ಬರಬೇಕು, ಅದು ಅಂಗೈಯಗಲದ ಈ ಯಂತ್ರದಲ್ಲೇ ಯಾಕೆ ಸಾಧ್ಯವಾಯಿತು ಎಂಬುದನ್ನು ಬಿಡಿಸಿ ಹೇಳಬೇಕೆನಿಸಿದೆ. ದೊಡ್ಡ ಪರದೆಯ ದೊಡ್ಡ ಆಟಗಳ ಬಗ್ಗೆ ಬೇಕಾದಷ್ಟು ಮಾತಾಗುತ್ತದೆ. ಜೇಬಿನಲ್ಲಿ ಹಿಡಿಸುವ ಆಟವೊಂದು ಕಥೆ ಹೇಳುವ ಕಲೆಗೆ ಏನು ಕೊಟ್ಟಿತು ಎಂಬುದು ಕನ್ನಡದಲ್ಲಿ ಅಷ್ಟಾಗಿ ಚರ್ಚೆಯಾಗಿಲ್ಲ.

ಮೊದಲು ಯಂತ್ರದ ವಿಷಯ. ಗುಂಪೇ ಯೊಕೊಯಿ ಮತ್ತು ಅವರ ತಂಡ ರೂಪಿಸಿದ ಗೇಮ್ ಬಾಯ್ 1989ರಲ್ಲಿ ಮಾರುಕಟ್ಟೆಗೆ ಬಂತು. ನಾಲ್ಕು ಪೆನ್ಸಿಲ್ ಸೆಲ್ ಹಾಕಿದರೆ ಓಡುತ್ತದೆ. ಪರದೆಯಲ್ಲಿ ಅಡ್ಡಕ್ಕೆ 160, ಉದ್ದಕ್ಕೆ 144 ಚುಕ್ಕಿಗಳು. ಬಣ್ಣವೆಂದರೆ ಹಸಿರು ಛಾಯೆಯ ನಾಲ್ಕು ಹದ, ಅಷ್ಟೇ. ಪರದೆಗೆ ತನ್ನದೇ ಬೆಳಕಿಲ್ಲವಾದ್ದರಿಂದ ರಾತ್ರಿ ಆಡಬೇಕಾದರೆ ಟ್ಯೂಬ್‌ಲೈಟಿನ ಕೆಳಗೇ ಕೂರಬೇಕು. ಎಡಗೈ ಹೆಬ್ಬೆರಳಿಗೆ ನಾಲ್ಕು ದಿಕ್ಕಿನ ಗುಂಡಿ, ಬಲಗೈಗೆ 'ಎ' ಮತ್ತು 'ಬಿ', ಕೆಳಗೆ 'ಸ್ಟಾರ್ಟ್', 'ಸೆಲೆಕ್ಟ್'.

ಕರ್ನಾಟಕದ ಬಹುಪಾಲು ಮಕ್ಕಳು ಆಗ ಇದನ್ನು ಕಣ್ಣಾರೆ ಕಂಡಿರಲಿಲ್ಲ. ವಿದೇಶದಲ್ಲಿದ್ದ ಮಾವನೋ ಚಿಕ್ಕಪ್ಪನೋ ತಂದುಕೊಟ್ಟ ಮನೆಗಳಲ್ಲಿ ಮಾತ್ರ ಇದ್ದ ವಸ್ತು ಅದು. ಉಳಿದವರಿಗೆ ಗೊತ್ತಿದ್ದದ್ದು ಟಿ.ವಿ.ಗೆ ಸಿಕ್ಕಿಸಿ ಆಡುವ ವಿಡಿಯೋ ಗೇಮ್, ಜಾತ್ರೆಯಲ್ಲೂ ಫ್ಯಾನ್ಸಿ ಸ್ಟೋರಿನಲ್ಲೂ ಸಿಗುತ್ತಿದ್ದ ಬ್ರಿಕ್ ಗೇಮ್. ಮೇಲಿಂದ ಬೀಳುವ ಇಟ್ಟಿಗೆಗಳನ್ನು ಜೋಡಿಸುವ ಆ ಬ್ರಿಕ್ ಗೇಮನ್ನು ಗೆದ್ದು ಮುಗಿಸಲು ಆಗುವುದಿಲ್ಲ. ವೇಗ ಏರುತ್ತಲೇ ಹೋಗುತ್ತದೆ, ಒಂದಲ್ಲ ಒಂದು ಗಳಿಗೆಯಲ್ಲಿ ನೀವು ಸೋಲುತ್ತೀರಿ, ಸೋತಾಗ ಎಷ್ಟು ಪಾಯಿಂಟ್ ಆಯಿತು ಎಂಬುದೇ ನಿಮ್ಮ ಗೆಲುವು. ಹಳೆಯ ವಿಡಿಯೋ ಗೇಮ್‌ಗಳಲ್ಲಿ ಹೆಚ್ಚಿನವು ಈ ಜಾತಿಯವು.

ಸಾಹಸದ ಆಟದ ಜಾತಿಯೇ ಬೇರೆ. ಅದಕ್ಕೆ ಕಥೆಯಿದೆ, ಆದ್ದರಿಂದ ಕೊನೆಯೂ ಇದೆ. ಕೊನೆ ಮುಟ್ಟಲು ಹತ್ತಾರು ಗಂಟೆ ಬೇಕಾಗುವುದರಿಂದ ಎಲ್ಲಿಗೆ ನಿಲ್ಲಿಸಿದ್ದೇವೆ ಎಂಬುದನ್ನು ಯಂತ್ರ ನೆನಪಿಟ್ಟುಕೊಳ್ಳಬೇಕು. ಈ 'ಜೆಲ್ಡಾ' ಸರಣಿಯ ಮೊದಲ ಆಟ 1986ರಲ್ಲಿ ಜಪಾನಿನಲ್ಲಿ ಡಿಸ್ಕಿನ ಮೇಲೆ ಬಂತು. ಮರುವರ್ಷ ಅಮೆರಿಕಕ್ಕೆ ಬಂದ ಕ್ಯಾಸೆಟ್ಟಿನ ಒಳಗೆ ಒಂದು ಪುಟ್ಟ ಸೆಲ್ ಕೂರಿಸಿದ್ದರು. ಯಂತ್ರ ಆರಿಸಿದರೂ ಆಟದ ನೆನಪು ಆರದಂತೆ ಆ ಸೆಲ್ ಕಾಯುತ್ತಿತ್ತು. 'ಲಿಂಕ್ಸ್ ಅವೇಕನಿಂಗ್' ಕ್ಯಾಸೆಟ್ಟಿನಲ್ಲೂ ಇದೇ ಏರ್ಪಾಡು. ಅದರಲ್ಲಿ ಸೇವ್ ಮಾಡಲು ಎ, ಬಿ, ಸ್ಟಾರ್ಟ್, ಸೆಲೆಕ್ಟ್ ನಾಲ್ಕನ್ನೂ ಒಟ್ಟಿಗೆ ಒತ್ತಬೇಕು. ಅದನ್ನು ಹೇಳಿಕೊಡುವವನು ಹಳ್ಳಿಯ ಬೀದಿಯಲ್ಲಿ ಆಡುತ್ತಿರುವ ಒಬ್ಬ ಹುಡುಗ. ಎಲ್ಲ ಗುಂಡಿಗಳನ್ನೂ ಒಟ್ಟಿಗೆ ಒತ್ತಬೇಕಂತೆ ಎನ್ನುತ್ತಾನೆ. ಹಾಗೆಂದರೆ ಏನು ಅಂತ ನನ್ನನ್ನು ಕೇಳಬೇಡಿ, ನಾನು ಚಿಕ್ಕ ಹುಡುಗ ಎಂದೂ ಸೇರಿಸುತ್ತಾನೆ. ಮೊದಲ ಸಲ ಓದಿದಾಗ ನಗು ಬರುತ್ತದೆ. ಕಥೆ ಮುಂದುವರಿದ ಮೇಲೆ ಆ ಮಾತು ಬೇರೆಯೇ ತೂಕ ಪಡೆಯುತ್ತದೆ.

ಆಟ ಹುಟ್ಟಿದ ಬಗೆಯೂ ಕೇಳುವಂಥದ್ದು. ಕಜುವಾಕಿ ಮೊರಿಟಾ ಎಂಬ ಪ್ರೋಗ್ರಾಮರ್ ಗೇಮ್ ಬಾಯ್‌ನಲ್ಲಿ ಏನೇನು ಮಾಡಬಹುದು ನೋಡೋಣವೆಂದು ಜೆಲ್ಡಾ ಮಾದರಿಯ ಆಟವೊಂದನ್ನು ಕಟ್ಟತೊಡಗಿದರು. ಕಚೇರಿಯ ಕೆಲಸ ಮುಗಿದ ಮೇಲೆ ಒಬ್ಬೊಬ್ಬರೇ ಬಂದು ಕೂಡಿಕೊಂಡರು. ಕಾಲೇಜು ಹುಡುಗರ ಸಂಘದಂತೆ ನಡೆದ ಆ ಸಂಜೆಯ ಕೆಲಸ ಆಮೇಲೆ ಅಧಿಕೃತ ಯೋಜನೆಯಾಯಿತು. ನಿರ್ದೇಶಕ ಟಕಾಶಿ ತೆಜುಕಾ. ಅವರಿಗೆ ಆಗ ಹಿಡಿಸಿದ್ದದ್ದು 'ಟ್ವಿನ್ ಪೀಕ್ಸ್' ಎಂಬ ಅಮೆರಿಕದ ಟಿ.ವಿ. ಧಾರಾವಾಹಿ. ಒಂದು ಸಣ್ಣ ಊರು, ಕೈಬೆರಳಲ್ಲಿ ಎಣಿಸಬಹುದಾದಷ್ಟು ಜನ, ಪ್ರತಿಯೊಬ್ಬರಲ್ಲೂ ಏನೋ ಒಂದು ಗುಟ್ಟು. ಪುಟ್ಟ ಪರದೆಗೆ ಇದೇ ಅಳತೆ ಸರಿಯೆಂದು ಅವರಿಗೆ ಅನಿಸಿತು. ಯೋಶಿಯಾಕಿ ಕೊಇಜುಮಿ ಮತ್ತು ಕೆನ್ಸುಕೆ ತನಬೆ ಕಥೆ ಬರೆದರು. ಸರಣಿಯ ಹೆಸರಿನಲ್ಲಿರುವ ರಾಜಕುಮಾರಿ ಜೆಲ್ಡಾ ಕಥೆಯೊಳಗೆ ಬರುವುದೇ ಇಲ್ಲ. ಬದಲಿಗೆ ಮಾರಿಯೊ ಆಟಗಳ ಪ್ರಾಣಿಗಳು, ಗೊಂಬೆಗಳು ಹೇಳದೆ ಕೇಳದೆ ನುಗ್ಗಿವೆ. ಯಾಕೆಂದರೆ ಇದು ಕನಸಿನ ಕಥೆ, ಕನಸಿಗೆ ಯಾರು ಬೇಕಾದರೂ ಬರಬಹುದು.

ಕನಸು ಎಂದು ನಾನು ಮೊದಲೇ ಹೇಳಿಬಿಟ್ಟೆ. ಮುಂದೆ ಕೊನೆಯನ್ನೂ ಹೇಳುತ್ತೇನೆ. ಮೂವತ್ತು ವರ್ಷ ದಾಟಿದ ಆಟ. ಅದರ ಅಂತ್ಯ ತಿಳಿದಿರುವುದರಿಂದ ನಷ್ಟವಿಲ್ಲ. ಇದರ ಸಂಕಟ ಇರುವುದು ತಿಳಿಯುವುದರಲ್ಲಲ್ಲ, ನಮ್ಮ ಕೈಯಾರೆ ಮಾಡುವುದರಲ್ಲಿ.

ಬಿರುಗಾಳಿಗೆ ಸಿಕ್ಕಿ ಹಡಗು ಒಡೆದ ಲಿಂಕ್ ಎಂಬ ಹುಡುಗ ಕೊಹೊಲಿಂಟ್ ದ್ವೀಪದ ದಡಕ್ಕೆ ಬಂದು ಬೀಳುತ್ತಾನೆ. ಮಾರಿನ್ ಎಂಬ ಹುಡುಗಿ ಅವನನ್ನು ಕಂಡು ಮನೆಗೆ ಕರೆತಂದು ಉಪಚರಿಸುತ್ತಾಳೆ. ದ್ವೀಪದ ಬೆಟ್ಟದ ತುದಿಯಲ್ಲಿ ಒಂದು ಭಾರಿ ಮೊಟ್ಟೆ ಇದೆ, ಅದರೊಳಗೆ 'ವಿಂಡ್ ಫಿಶ್' ಎಂಬ ದೈವೀ ಜೀವಿ ಮಲಗಿದೆ. ಅದನ್ನು ಎಬ್ಬಿಸದೆ ಇಲ್ಲಿಂದ ಹೊರಗೆ ಹೋಗುವ ದಾರಿಯಿಲ್ಲ ಎಂದು ಒಂದು ಗೂಬೆ ಬಂದು ತಿಳಿಸುತ್ತದೆ. ಎಬ್ಬಿಸಲು ಎಂಟು ವಾದ್ಯಗಳು ಬೇಕು. ಒಂದೊಂದು ವಾದ್ಯವೂ ಒಂದೊಂದು ಗವಿಯಲ್ಲಿದೆ, ಪ್ರತಿ ಗವಿಗೂ ಒಬ್ಬ ರಾಕ್ಷಸನ ಕಾವಲು.

ಗವಿ ಎಂದ ಕೂಡಲೇ ಬರೀ ಕತ್ತಿವರಸೆ ಎಂದುಕೊಳ್ಳಬೇಡಿ. ಈ ಗವಿಗಳು ಬಿಡಿಸಬೇಕಾದ ಒಗಟುಗಳು. ಏಳನೆಯದಾದ 'ಈಗಲ್ಸ್ ಟವರ್' ಎಂಬ ಗೋಪುರವನ್ನೇ ನೋಡಿ. ಒಳಗೆ ಒಂದು ಭಾರವಾದ ಕಬ್ಬಿಣದ ಗುಂಡಿದೆ, ಬೇರೆ ಬೇರೆ ಕೋಣೆಗಳಲ್ಲಿ ನಾಲ್ಕು ಕಂಬಗಳಿವೆ. ಗುಂಡನ್ನು ಹೊತ್ತೊಯ್ದು ನಾಲ್ಕು ಕಂಬಗಳಿಗೂ ಎಸೆದು ಅವನ್ನು ಒಡೆಯಬೇಕು. ಗುಂಡು ಕೈಯಲ್ಲಿರುವಾಗ ಕತ್ತಿ ಬೀಸಲಾಗದು. ಹಳ್ಳ ಅಡ್ಡ ಬಂದರೆ ಗುಂಡನ್ನು ಮೊದಲು ಆಚೆಗೆ ಎಸೆದು ಆಮೇಲೆ ನೀವು ಇನ್ನೊಂದು ದಾರಿ ಹುಡುಕಿ ಅಲ್ಲಿಗೆ ಹೋಗಬೇಕು. ಒಂದು ಕೋಣೆಯಲ್ಲಿ ಎಸೆದದ್ದು ಇನ್ನೊಂದು ಕೋಣೆಯಲ್ಲಿ ಕೆಲಸಕ್ಕೆ ಬರುತ್ತದೆ. ನಾಲ್ಕನೆಯ ಕಂಬ ಮುರಿದೊಡನೆ ಮೇಲಿನ ಅಂತಸ್ತು ದಡಾರನೆ ಕುಸಿದು ಕೆಳಗಿನ ಅಂತಸ್ತಿನ ಮೇಲೆ ಕೂರುತ್ತದೆ, ಅಲ್ಲಿಯವರೆಗೆ ಕೈಗೆಟುಕದ ಕೋಣೆಗಳಿಗೆ ದಾರಿಯಾಗುತ್ತದೆ. ಕೋಣೆಗೊಂದು ಬೀಗ ಎಂದು ಅಷ್ಟು ಹೊತ್ತು ಹುಡುಕುತ್ತಿದ್ದವರಿಗೆ ಇಡೀ ಗೋಪುರವೇ ಒಂದು ಬೀಗವಾಗಿತ್ತು ಎಂದು ಆಗ ತಿಳಿಯುತ್ತದೆ. ಹಸಿರು ಪರದೆಯ ನಾಲ್ಕು ಹದದ ಬಣ್ಣದಲ್ಲಿ, ಇಂಥ ಕಟ್ಟಡವನ್ನು ಆಡುವವನ ತಲೆಯೊಳಗೆ ಎಬ್ಬಿಸಿ ನಿಲ್ಲಿಸಿದ್ದಾರಲ್ಲ, ಆ ಕಸುಬಿಗೆ ನಾನು ತಲೆಬಾಗುತ್ತೇನೆ.

ಬಲಗೈಯ 'ಎ', 'ಬಿ' ಎಂಬ ಎರಡೇ ಗುಂಡಿಗಳು ಕೂಡ ವಿಚಾರ ಹಚ್ಚುತ್ತವೆ. ಕತ್ತಿ, ಗುರಾಣಿ, ಹಾರುವ ಗರಿ, ಓಡುವ ಬೂಟು, ಬಾಂಬು, ಬಿಲ್ಲು ಎಲ್ಲವೂ ಚೀಲದಲ್ಲಿವೆ, ಆದರೆ ಒಂದು ಸಲಕ್ಕೆ ಎರಡನ್ನು ಮಾತ್ರ ಗುಂಡಿಗಳಿಗೆ ಕಟ್ಟಿಕೊಳ್ಳಬಹುದು. ಕತ್ತಿಯನ್ನೂ ಬಿಚ್ಚಿಡಬಹುದು. ಗರಿ ಮತ್ತು ಬೂಟು ಒಟ್ಟಿಗೆ ಕಟ್ಟಿಕೊಂಡರೆ ದೂರ ಜಿಗಿಯಬಹುದು, ಆದರೆ ಜಿಗಿದು ನಿಂತಲ್ಲಿ ಶತ್ರುವಿದ್ದರೆ ಕೈ ಬರಿದು. ಪದೇಪದೇ ಚೀಲ ಬಿಚ್ಚುವುದು ಕೆಲವರಿಗೆ ಕಿರಿಕಿರಿ, ಅದನ್ನು ಒಪ್ಪುತ್ತೇನೆ.

ಇನ್ನು ಜನರ ವಿಷಯಕ್ಕೆ ಬರೋಣ. ನನ್ನ ಮಟ್ಟಿಗೆ ಆಟದ ಜೀವ ಇರುವುದು ಅಲ್ಲಿ. ಬಾಲ ಕಳೆದುಕೊಂಡ ಕೋತಿ ಕತ್ತಿ ಪಡೆದು, ಅದನ್ನು ಕೊಟ್ಟು ಇನ್ನೊಂದು, ಇನ್ನೊಂದನ್ನು ಕೊಟ್ಟು ಮತ್ತೊಂದು ಪಡೆಯುತ್ತಾ ಹೋಗುವ ಅಜ್ಜಿಕಥೆ ನಮಗೆಲ್ಲ ಗೊತ್ತು. ಈ ದ್ವೀಪದಲ್ಲೂ ಅಂಥ ಒಂದು ಸರಪಳಿ ಇದೆ. ಹಳ್ಳಿಯ ಅಂಗಡಿಯಲ್ಲಿ ಆಡಿ ಗೆದ್ದ ಗೊಂಬೆಯನ್ನು ಎಳೆಮಗುವಿನ ತಾಯಿಗೆ ಕೊಟ್ಟರೆ ಆಕೆ ರಿಬ್ಬನ್ ಕೊಡುತ್ತಾಳೆ. ರಿಬ್ಬನ್ನಿಗೆ ನಾಯಿಯ ಊಟದ ಡಬ್ಬಿ, ಡಬ್ಬಿಗೆ ಮೊಸಳೆಯೊಂದರಿಂದ ಬಾಳೆಹಣ್ಣು. ಹಣ್ಣು ತಿಂದ ಕೋತಿಗಳು ಸೇತುವೆ ಕಟ್ಟಿಕೊಟ್ಟು ಒಂದು ಕೋಲು ಬಿಟ್ಟುಹೋಗುತ್ತವೆ. ಆ ಕೋಲಿನಿಂದ ಮಾರಿನ್‌ಳ ಅಪ್ಪ ಟಾರಿನ್ ಜೇನುಗೂಡಿಗೆ ಕೈಹಾಕಿ ಜೇನುಹುಳಗಳಿಂದ ಅಟ್ಟಿಸಿಕೊಳ್ಳುತ್ತಾನೆ, ಜೇನು ನಮಗೆ ಉಳಿಯುತ್ತದೆ. ಜೇನನ್ನು ಅಡುಗೆಯ ಕರಡಿಗೆ ಕೊಟ್ಟು ಪಡೆದ ಅನಾನಸ್ ಹಣ್ಣನ್ನು ಬೆಟ್ಟದಲ್ಲಿ ದಾರಿ ತಪ್ಪಿ ಹಸಿದು ಕೂತ ಪಪಾಲ್ ಎಂಬಾತನಿಗೆ ಕೊಡಬೇಕು. ಈ ಪಪಾಲ್ ಆಟದ ಮೊದಲಲ್ಲೇ ಹಳ್ಳಿಯಲ್ಲಿ ಸಿಕ್ಕು, ಮುಂದೆ ನಾನು ಬೆಟ್ಟದಲ್ಲಿ ದಾರಿ ತಪ್ಪಲಿದ್ದೇನೆ, ನೆನಪಿರಲಿ ಎಂದು ಹೇಳಿರುತ್ತಾನೆ! ಕನಸಿನಲ್ಲಿ ಮಾತ್ರ ಮನುಷ್ಯ ಹಾಗೆ ಮಾತಾಡಬಲ್ಲ.

ಸರಪಳಿ ಹೀಗೇ ದಾಸವಾಳ, ಕಾಗದ, ಪೊರಕೆ, ಗಾಳದ ಕೊಕ್ಕೆ, ಮತ್ಸ್ಯಕನ್ಯೆಯ ಕಳೆದುಹೋದ ಹಾರ ಎಂದು ಸಾಗಿ ಕೊನೆಗೆ ಒಂದು ಭೂತಗನ್ನಡಿಯಲ್ಲಿ ನಿಲ್ಲುತ್ತದೆ. ಹಳ್ಳಿಯ ಗ್ರಂಥಾಲಯದಲ್ಲಿ ಒಂದು ಪುಸ್ತಕವಿದೆ. ಅಕ್ಷರ ತೀರಾ ಸಣ್ಣದು, ಮೊದಲು ಹೋದಾಗ ಓದಲಾಗದೆ ವಾಪಸು ಬಂದಿರುತ್ತೇವೆ. ಭೂತಗನ್ನಡಿ ಸಿಕ್ಕ ಮೇಲೆ ಹೋಗಿ ಓದಿದರೆ, ಬೆಟ್ಟದ ಮೊಟ್ಟೆಯೊಳಗಿನ ಜಟಿಲ ದಾರಿಯಲ್ಲಿ ಯಾವ ಕೋಣೆಯಿಂದ ಯಾವ ದಿಕ್ಕಿಗೆ ತಿರುಗಬೇಕು ಎಂಬ ಬಾಣದ ಗುರುತುಗಳು ಅದರಲ್ಲಿವೆ. ಅದು ಗೊತ್ತಿಲ್ಲದವರು ಒಂದೇ ಬಗೆಯ ಕೋಣೆಗಳಲ್ಲಿ ಸುತ್ತುತ್ತಲೇ ಇರಬೇಕು. ಅಂದರೆ ಬಲದಿಂದಷ್ಟೇ ಈ ಆಟವನ್ನು ಮುಗಿಸಲು ಬಾರದು. ಮನೆಮನೆಗೆ ಹೋಗಿ, ಯಾರಿಗೆ ಏನು ಬೇಕು ಎಂದು ವಿಚಾರಿಸಿ, ತಂದುಕೊಟ್ಟವರಿಗೆ ಕೊನೆಯ ಬಾಗಿಲಿನ ದಾರಿ ಸಿಗುತ್ತದೆ. ಆ ಬಾಗಿಲಿನಾಚೆ ಇರುವುದು ಅದೇ ಜನರ ಅಂತ್ಯ.

ಮಾರಿನ್ ಬಗ್ಗೆ ಇನ್ನಷ್ಟು ಹೇಳಬೇಕು. ಊರಿನ ನಡುವೆ ನಿಂತು ಹಾಡುತ್ತಿರುತ್ತಾಳೆ; ಕಡಲಿನಾಚೆ ಏನಿದೆ ಎಂಬುದು ಅವಳಿಗೆ ಗೊತ್ತಿಲ್ಲ. ದಾರಿಗಡ್ಡ ಮಲಗಿದ ಕಡಲಾನೆಯೊಂದನ್ನು ಹಾಡಿ ಎಬ್ಬಿಸಲು ಅವಳ ಸಹಾಯ ಬೇಕಾಗುತ್ತದೆ. ಕೇಳಲು ಹೋದಾಗ ಅವಳು ಕಡಲತೀರದಲ್ಲಿ ಕೂತಿರುತ್ತಾಳೆ. ಪಕ್ಕದಲ್ಲಿ ಕೂರುತ್ತೇವೆ. ನಾನು ಕಡಲಹಕ್ಕಿಯಾಗಿದ್ದರೆ ಹಾರುವಷ್ಟು ದೂರ ಹಾರಿ, ದೂರದೂರಿನ ಜನರಿಗೆ ಹಾಡು ಕೇಳಿಸುತ್ತಿದ್ದೆ ಎಂದು ತನ್ನ ಆಸೆ ಹೇಳಿಕೊಳ್ಳುತ್ತಾಳೆ. ಆಮೇಲೆ ಕೆಲ ಹೊತ್ತು ನಮ್ಮ ಹಿಂದೆಯೇ ನಡೆದು ಬರುತ್ತಾಳೆ. ಊರಿನ ಬಾವಿಗೆ ನಾವು ಹಾರಿದರೆ ಅವಳೂ ಹಾರಿ ನಮ್ಮ ತಲೆಯ ಮೇಲೇ ಬೀಳುತ್ತಾಳೆ. ಆಟ ಮುಗಿಸಲು ಬಾವಿಯ ಈ ಜಿಗಿತ ಬೇಕಿಲ್ಲ. ಅವಳು ಬರೀ ಚುಕ್ಕಿಗಳ ಚಿತ್ರವಾಗಿ ಉಳಿಯಬಾರದೆಂದು, ಅರ್ಧ ಮೆಗಾಬೈಟಿನಲ್ಲಿ ಜಾಗ ಬಿಡಿಸಿ ಯಾರೋ ಅಕ್ಕರೆಯಿಂದ ಇಟ್ಟದ್ದು. ಇನ್ನೊಮ್ಮೆ ಬೆಟ್ಟದ ಸೇತುವೆಯ ಬಳಿ ಅಪಾಯದಲ್ಲಿ ಸಿಲುಕಿದ ಅವಳನ್ನು ನಾವು ಬಿಡಿಸುತ್ತೇವೆ. ಏನೋ ಹೇಳಲು ಬಾಯಿ ತೆರೆಯುತ್ತಾಳೆ, ಅಷ್ಟರಲ್ಲಿ ಅಪ್ಪ ಕೂಗುತ್ತಾನೆ, ಮಾತು ಅರ್ಧಕ್ಕೇ ನಿಲ್ಲುತ್ತದೆ. ಆ ಮಾತು ಆಟದಲ್ಲಿ ಮತ್ತೆಂದೂ ಪೂರ್ತಿಯಾಗುವುದಿಲ್ಲ.

ಸತ್ಯ ಹೊರಬೀಳುವುದು ಆರನೆಯ ಗವಿಯ ಹೊತ್ತಿಗೆ. ಹಾಳುಬಿದ್ದ ಗುಡಿಯೊಂದರ ಗೋಡೆಯ ಮೇಲಿನ ಚಿತ್ರಬರಹ ಹೇಳುತ್ತದೆ: ಈ ದ್ವೀಪ ವಿಂಡ್ ಫಿಶ್ ಕಾಣುತ್ತಿರುವ ಕನಸು. ಅದು ಎದ್ದರೆ ಕನಸು ಹರಿಯುತ್ತದೆ. ಹಳ್ಳಿ, ಬೀದಿಯ ಹುಡುಗರು, ಪಪಾಲ್, ಮಾರಿನ್ ಯಾರೂ ಇರುವುದಿಲ್ಲ. ಆ ಗವಿಯ ರಾಕ್ಷಸ ಸಾಯುವ ಮುನ್ನ ಇದನ್ನೇ ನೇರವಾಗಿ ಹೇಳುತ್ತಾನೆ. ಅಲ್ಲಿಯವರೆಗೆ ಕೆಟ್ಟವರೆಂದು ಕೊಂದ ರಾಕ್ಷಸರೆಲ್ಲ ತಮ್ಮ ಲೋಕವನ್ನು ಉಳಿಸಿಕೊಳ್ಳಲು ಹೋರಾಡುತ್ತಿದ್ದರು ಎಂದು ಅರ್ಥವಾಗುತ್ತದೆ. ಇನ್ನೂ ಎರಡು ಗವಿಗಳು ಬಾಕಿ. ಮುಂದೆ ಹೋಗಬೇಕೆ?

ಸಿನಿಮಾದಲ್ಲಿ ನಾಯಕಿ ಸತ್ತರೆ ಸಾಯಿಸಿದವನು ನಿರ್ದೇಶಕ, ಕಾದಂಬರಿಯಲ್ಲಿ ಲೇಖಕ. ಇಲ್ಲಿ ಒಂದೊಂದು ಹೆಜ್ಜೆಯನ್ನೂ ಇಡುವುದು ನಮ್ಮ ಹೆಬ್ಬೆರಳು. ಆಟವನ್ನು ಡ್ರಾಯರಿನಲ್ಲಿ ಹಾಕಿ ಮುಚ್ಚಿದರೆ ದ್ವೀಪ ಉಳಿಯುತ್ತದೆ, ಆದರೆ ಲಿಂಕ್ ಎಂದಿಗೂ ಮನೆಗೆ ಹೋಗುವುದಿಲ್ಲ. ಕನಸುಗಳು ಮುಗಿಯುವುದು ಸಹಜ, ನೆನಪು ಮಾತ್ರ ಎಚ್ಚರದ ಲೋಕಕ್ಕೆ ಬರುತ್ತದೆ ಎಂಬ ಸಮಾಧಾನ ಆಟದೊಳಗೇ ಇದೆ. ಅದು ಎಲ್ಲರಿಗೂ ಸಾಲುವುದಿಲ್ಲ, ನನಗೂ ಪೂರ್ತಿ ಸಾಲಲಿಲ್ಲ. ಆದರೂ ಮುಗಿಸಬೇಕೆಂದೇ ನನ್ನ ಅಭಿಪ್ರಾಯ. ಅರ್ಧಕ್ಕೆ ಬಿಟ್ಟವರಿಗೆ ಮಾರಿನ್ ಒಳ್ಳೆಯ ಹುಡುಗಿ, ಅಷ್ಟೇ. ಮುಗಿಸಿದವರಿಗೆ ಮಾತ್ರ ಅವಳ ಆಸೆಯ ಆಳ ತಿಳಿಯುತ್ತದೆ.

ಇಷ್ಟು ನೋವಾಗುವುದಕ್ಕೆ ಯಂತ್ರದ ಚಿಕ್ಕತನವೇ ಕಾರಣ ಎಂದು ನಾನು ನಂಬಿದ್ದೇನೆ. ದ್ವೀಪದ ನಕ್ಷೆ ಅಡ್ಡಕ್ಕೆ 16, ಉದ್ದಕ್ಕೆ 16 ಚೌಕ, ಒಟ್ಟು 256. ಒಂದು ಚೌಕವೆಂದರೆ ಒಂದು ಪರದೆ. ಅಂಚು ದಾಟಿದರೆ ಪಕ್ಕದ ಪರದೆ ಸರಿದು ಬರುತ್ತದೆ. ಹಾಗಾಗಿ ಪ್ರತಿಯೊಂದು ಚೌಕಕ್ಕೂ ಒಂದು ಗುರುತು ಹುಟ್ಟುತ್ತದೆ: ಇದು ಬಾವಿಯದ್ದು, ಇದು ಹುಂಜದ ಗೋರಿಯದ್ದು, ಇದು ಕೋತಿಗಳ ಸೇತುವೆಯದ್ದು. ಹೊಸ ಉಪಕರಣ ಸಿಕ್ಕಾಗಲೆಲ್ಲ ಹಳೆಯ ಚೌಕಕ್ಕೆ ಮರಳುತ್ತೇವೆ, ಆಗ ಎತ್ತಲಾಗದ ಕಲ್ಲನ್ನು ಈಗ ಎತ್ತುತ್ತೇವೆ. ಮುಗಿಯುವ ಹೊತ್ತಿಗೆ ಇಡೀ ದ್ವೀಪ ಬಾಯಿಪಾಠವಾಗಿರುತ್ತದೆ. ದಿನಗಟ್ಟಲೆ ಕುದುರೆ ಓಡಿಸಿದರೂ ಅಂಚು ಸಿಗದ ಇಂದಿನ ಭಾರಿ ಆಟಗಳಲ್ಲಿ ಬೆರಗಿದೆ, ಸೌಂದರ್ಯವಿದೆ, ಆದರೆ ಆ ಲೋಕಗಳು ಯಾರಿಗೂ ಹೀಗೆ ಬಾಯಿಪಾಠವಾಗುವುದಿಲ್ಲ. ಗುರುತಿಲ್ಲದ ಊರು ಅಳಿದರೆ ಸುದ್ದಿ. ಮೂಲೆಮೂಲೆ ಗೊತ್ತಿದ್ದ ಊರು ಅಳಿದರೆ ಕಳೆದುಕೊಂಡದ್ದು ಏನೆಂದು ಹೆಸರಿಟ್ಟು ಹೇಳಬಹುದು.

ಕೊನೆಯಲ್ಲಿ ಮೊಟ್ಟೆಯ ಮುಂದೆ ಎಂಟೂ ವಾದ್ಯಗಳು ಒಟ್ಟಿಗೆ ನುಡಿಯುತ್ತವೆ, ಮೊಟ್ಟೆ ಒಡೆಯುತ್ತದೆ. ಒಳಗಿನ ದುಃಸ್ವಪ್ನ ಒಂದಾದ ಮೇಲೊಂದು ರೂಪ ತಾಳಿ ಕಾದುತ್ತದೆ. ಅದನ್ನು ಸೋಲಿಸಿದರೆ ವಿಂಡ್ ಫಿಶ್ ಎಚ್ಚರಗೊಳ್ಳುತ್ತದೆ. ಹಳ್ಳಿ, ಕಾಡು, ಮಾರಿನ್ ಒಂದೊಂದೇ ಪರದೆಯಿಂದ ಕರಗುತ್ತವೆ. ಲಿಂಕ್ ನಡುಗಡಲಿನಲ್ಲಿ ಮರದ ತುಂಡಿಗೆ ಅಂಟಿಕೊಂಡು ಕಣ್ಣುಬಿಡುತ್ತಾನೆ. ತಲೆಯ ಮೇಲೆ ತಿಮಿಂಗಿಲದಂಥ ದೇಹವೊಂದು ಆಕಾಶದಲ್ಲಿ ಹಾದುಹೋಗುತ್ತದೆ, ಅವನು ಮುಗುಳ್ನಗುತ್ತಾನೆ.

ಇದಾದ ಮೇಲೆ ಇನ್ನೊಂದು ಪುಟ್ಟ ದೃಶ್ಯವುಂಟು, ಅದು ಎಲ್ಲರಿಗೂ ಸಿಗದು. ನೀವು ಎಷ್ಟು ಸಲ ಸತ್ತಿರಿ ಎಂದು ಆಟ ಲೆಕ್ಕ ಇಡುತ್ತದೆ. ಒಮ್ಮೆಯೂ ಸಾಯದೆ ಮುಗಿಸಿದವರಿಗೆ ಮಾತ್ರ, ಮಾರಿನ್ ರೆಕ್ಕೆ ಪಡೆದು ಹಾರಿಹೋಗುವುದು ಕಾಣಿಸುತ್ತದೆ. ಅವಳ ಆಸೆ ಈಡೇರಿತು ಎಂಬ ಸೂಚನೆ. ಇದನ್ನು ಕೈಚಳಕಕ್ಕೆ ಬಹುಮಾನವಾಗಿ ಇಟ್ಟದ್ದು ನನಗೆ ಒಪ್ಪಿಗೆಯಿಲ್ಲ. ಹತ್ತು ಸಲ ಸತ್ತು ಎದ್ದು ಅವಳ ಹಾಡು ಕಲಿತವನಿಗೂ ಆ ದೃಶ್ಯದ ಮೇಲೆ ಅಷ್ಟೇ ಹಕ್ಕಿದೆ. ಇಷ್ಟು ಸೂಕ್ಷ್ಮವಾಗಿ ಕಟ್ಟಿದ ಆಟದಲ್ಲಿ ಅಂಕ ಎಣಿಸುವ ಹಳೆಯ ಅಭ್ಯಾಸ ಇದೊಂದು ಕಡೆ ಇಣುಕಿದೆ.

1998ರಲ್ಲಿ ಬಣ್ಣದ ಪರದೆಯ ಯಂತ್ರಕ್ಕಾಗಿ 'ಡಿಎಕ್ಸ್' ಎಂಬ ಹೆಸರಿನಲ್ಲಿ, ಒಂದು ಹೊಸ ಗವಿಯನ್ನೂ ಸೇರಿಸಿ ಆಟ ಮತ್ತೆ ಬಂತು. 2019ರಲ್ಲಿ 'ಸ್ವಿಚ್' ಯಂತ್ರಕ್ಕಾಗಿ ಗ್ರೆಝೊ ಎಂಬ ಸಂಸ್ಥೆ ಅದನ್ನು ಹೊಸದಾಗಿ ಕಟ್ಟಿತು. ದ್ವೀಪವೆಲ್ಲ ಮೇಜಿನ ಮೇಲೆ ಜೋಡಿಸಿಟ್ಟ ಗೊಂಬೆಗಳಂತೆ ಮುದ್ದಾಗಿದೆ, ಕತ್ತಿ ಗುರಾಣಿಗೆ ಪ್ರತ್ಯೇಕ ಗುಂಡಿಗಳಿವೆ, ಚೀಲ ಬಿಚ್ಚುವ ಗೋಳು ಕಡಿಮೆಯಾಗಿದೆ. ಆದರೆ ಬಯಲಿನಲ್ಲಿ ಪರದೆ ಚೌಕ ಚೌಕವಾಗಿ ಬದಲಾಗದೆ ನೀರಿನಂತೆ ಜಾರುತ್ತದೆ. ಆಡಲು ಹಿತ; ಊರನ್ನು ಬಾಯಿಪಾಠ ಮಾಡಿಸುವ ಆ ಹಳೆಯ ಗುಣ ಮಾತ್ರ ತೆಳುವಾಯಿತು. ಮೊದಲ ಬಾರಿ ಆಡುವವರಿಗೆ ನಾನು ಹೇಳುವುದು 'ಡಿಎಕ್ಸ್' ಅನ್ನೇ. 2023ರ ಫೆಬ್ರುವರಿಯಿಂದ ಸ್ವಿಚ್‌ನ ಆನ್‌ಲೈನ್ ಚಂದಾದಾರರಿಗೆ ಅದು ಸಿಗುತ್ತಿದೆ.

ಹಳೆಯ ಕ್ಯಾಸೆಟ್ಟೇ ಕೈಗೆ ಸಿಕ್ಕವರಿಗೆ ಒಂದು ಸೂಚನೆ. ಆಟ ಮುಗಿಸಿದ್ದನ್ನು ಅದು ಸೇವ್ ಮಾಡುವುದಿಲ್ಲ. ಮತ್ತೆ ಹಾಕಿದರೆ ಕೊನೆಯ ಕಾಳಗಕ್ಕೂ ಮುಂಚಿನ ದ್ವೀಪ, ಊರು, ಜನ ಎಲ್ಲ ಇದ್ದಂತೆಯೇ ಇರುತ್ತಾರೆ. ಅದನ್ನೆಲ್ಲ ಹಿಡಿದಿಟ್ಟಿರುವುದು ಒಳಗಿನ ಗುಂಡಿ ಸೆಲ್. ಮೂರು ದಶಕದ ಆ ಸೆಲ್‌ಗಳು ಈಗ ಒಂದೊಂದಾಗಿ ಸಾಯುತ್ತಿವೆ. ಸತ್ತರೆ ಆಟವೇನೋ ಓಡುತ್ತದೆ, ಸೇವ್ ನಿಲ್ಲುವುದಿಲ್ಲ. ಸೆಲ್ಲನ್ನು ಬೆಸುಗೆ ಹಾಕಿ ಕೂರಿಸಿರುವುದರಿಂದ ಬದಲಾಯಿಸಲು ಸಾಲ್ಡರಿಂಗ್ ಬಲ್ಲವರೇ ಬೇಕು, ಮೊಬೈಲ್ ರಿಪೇರಿ ಮಾಡುವ ನುರಿತ ಕೈ ಸಾಕು. ಹಳೆಯ ಸೆಲ್ ತೆಗೆದ ಕ್ಷಣವೇ ಒಳಗಿರುವ ಸೇವ್ ಅಳಿಸಿಹೋಗುತ್ತದೆ. ಆದ್ದರಿಂದ ಆ ಕ್ಯಾಸೆಟ್ಟಿನಲ್ಲಿ ಅರ್ಧ ಆಡಿಟ್ಟ ಆಟವಿದ್ದರೆ, ಅಂಗಡಿಗೆ ಕೊಡುವ ಮೊದಲು ಅದನ್ನು ಮುಗಿಸಿಬಿಡಿ.